ಅಳಿವೆಬಾಗಿಲ ಕಲ್ಲುಗಳಿಂದ ತಂಗೂಸಿ (ಗಾಳದ ದಾರ) ತೆಗೆಯುವ ಕೆಲಸ: ಮಳೆಗಾಲದ ನಂತರ ಇಲ್ಲಿಯವರೆಗೆ

ಮಂಗಳೂರಿನ ಬೆಂಗ್ರೆಯಲ್ಲಿ, ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಕೂತು ಗಾಳ ಹಾಕುವವರು ನಾವು. ಸಂಘ ಅಂತ ಹೇಳಿಕೊಳ್ಳುತ್ತೇವೆ. ರಿಜಿಸ್ಟ್ರೇಷನ್ ಇಲ್ಲ, ಬೋರ್ಡ್ ಇಲ್ಲ, ಇರುವುದು ಒಂದು ವಾಟ್ಸಾಪ್ ಗುಂಪು. ಆಟೋ ಓಡಿಸುವವರು, ಬ್ಯಾಂಕಿನವರು, ಕಾಲೇಜು ಹುಡುಗರು, ಗಲ್ಫ್ ಬಿಟ್ಟು ಬಂದ ಒಂದಿಬ್ಬರು ಹಿರಿಯರು. ಕಳೆದ ಮಳೆಗಾಲದ ಕೊನೆಗೆ ದಡ ಸ್ವಚ್ಛ ಮಾಡುವ ಕೆಲಸಕ್ಕೆ ಕೈ ಹಾಕಿದೆವು. ಅದು ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ.

ಜಾಗ ಗೊತ್ತಿಲ್ಲದವರಿಗೆ ಒಂದು ಮಾತು. ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರಿ ಕಡಲಿಗೆ ಬೀಳುವುದು ಇಲ್ಲೇ. ತೆಂಕಿಗೆ ಉಳ್ಳಾಲದ ಕೋಟೆಪುರ, ಬಡಗಿಗೆ ಬೆಂಗ್ರೆ. ಎರಡೂ ಕಡೆಯಿಂದ ಕಡಲೊಳಗೆ ಕಲ್ಲಿನ ದಂಡೆ ಹಾಕಿದ್ದಾರೆ, ನಡುವೆ ಬೋಟುಗಳ ದಾರಿ. ನಾವು ಬಂದರಿನಿಂದ ಫೆರಿ ಹತ್ತಿ ಈಚೆ ದಡಕ್ಕೆ ಬರುತ್ತೇವೆ. ಹೊಳೆ ನೀರೂ ಕಡಲ ನೀರೂ ಕೂಡುವ ಜಾಗವಾದ್ದರಿಂದ ಕೆಂಬೇರಿ, ಮುರು, ಕಾಣೆ ಮೀನುಗಳೆಲ್ಲ ಸಿಗುತ್ತವೆ. ಕಸವೂ ಅಷ್ಟೇ ಸಿಗುತ್ತದೆ.

ಸೆಪ್ಟೆಂಬರ್

ಸೆಪ್ಟೆಂಬರ್‌ನ ಮೂರನೇ ಶನಿವಾರ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ. 1986ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಶುರುವಾದದ್ದು, ನಮ್ಮ ದೇಶದಲ್ಲಿ ಕೋಸ್ಟ್ ಗಾರ್ಡ್‌ನವರು ನೋಡಿಕೊಳ್ಳುತ್ತಾರೆ. ಅದೇ ದಿನ ನಾವೂ ಹೊಯಿಗೆಗೆ (ಮರಳಿಗೆ) ಇಳಿದೆವು. ಪ್ಲಾಸ್ಟಿಕ್ ಕಸ ತುಂಬಲು ಮತ್ತೆ ಪ್ಲಾಸ್ಟಿಕ್ ಚೀಲ ಬೇಡ ಅಂತ ಮನೆಯಿಂದ ಗೋಣಿ ತಂದಿದ್ದೆವು.

ಮಳೆಗಾಲ ಮುಗಿದ ಹೊಸತರಲ್ಲಿ ಸಿಗುವುದೆಲ್ಲ ಹೊಳೆ ಹೊತ್ತು ತಂದದ್ದು. ಚಪ್ಪಲಿ (ಯಾವತ್ತೂ ಒಂಟಿಯೇ), ಔಷಧಿ ಬಾಟ್ಲಿ, ಥರ್ಮಕೋಲ್ ಚೂರು, ಮಕ್ಕಳ ಡಯಾಪರ್, ನೀರಿನ ಬಾಟ್ಲಿಯ ಮುಚ್ಚಳ. ಥರ್ಮಕೋಲ್ ಇದೆಯಲ್ಲ, ಅದರಷ್ಟು ತಲೆನೋವು ಬೇರೆ ಇಲ್ಲ. ಮುಟ್ಟಿದರೆ ಪುಡಿ, ಗಾಳಿಗೆ ಹಾರಿ ಪುನಃ ಹೊಯಿಗೆಯಲ್ಲಿ. ಜರಡಿ ಇಲ್ಲದೆ ಆಗುವ ಕೆಲಸವೇ ಅಲ್ಲ.

ಒದ್ದೆ ಹೊಯಿಗೆ ಸೇರಿ ಗೋಣಿ ಎತ್ತಲಾಗದಷ್ಟು ಭಾರವಾಯಿತು. ಬರುತ್ತೇನೆ ಅಂದ ಕಸದ ಗಾಡಿ ಅವತ್ತು ಬರಲಿಲ್ಲ. ಮರುದಿನ ಸದಸ್ಯರೊಬ್ಬರ ಟೆಂಪೋದಲ್ಲಿ ಸಾಗಿಸಿದೆವು. ಫೋಟೋ ಮಾತ್ರ ಚೆನ್ನಾಗಿ ಬಂದಿದ್ದವು.

ಅಲ್ಲೇ ಬೀಸು ಬಲೆ ಹಿಡಿದು ನಿಂತಿದ್ದ ಊರಿನ ಹಿರಿಯರೊಬ್ಬರು ಎಲ್ಲ ನೋಡಿ ಹೇಳಿದರು, "ಹೊಯಿಗೆ ಮೇಲಿನದ್ದು ಹೊಳೆಯ ಕಸ ಮಾರಾಯ್ರೆ. ನಿಮ್ಮ ಕಸ ಕಲ್ಲಿನ ಒಳಗೆ ಉಂಟು. ಅದನ್ನು ತೆಗೀರಿ ನೋಡುವ."

ಗೋಣಿಗಳನ್ನು ಸುರಿದು ನೋಡಿದರೆ ಅವರ ಮಾತು ಸರಿಯೇ. ತಂಗೂಸಿ ಇಲ್ಲವೆಂದೇ ಹೇಳಬಹುದು. ಇಷ್ಟು ಜನ ವರ್ಷವಿಡೀ ಗಾಳ ಹಾಕುತ್ತೇವೆ, ಕಲ್ಲಿಗೆ ಸಿಕ್ಕಿ ಕಡಿದುಹೋಗದ ದಿನವಿಲ್ಲ. ಅದೆಲ್ಲ ಎಲ್ಲಿ?

ಕಾರಣ ಸುಲಭ. ಮಾಮೂಲಿ ತಂಗೂಸಿ ನೈಲಾನ್. ಅದರ ಸಾಂದ್ರತೆ ಸುಮಾರು 1.14, ಕಡಲ ನೀರಿನದ್ದು 1.025ರ ಹತ್ತಿರ. ಹಾಗಾಗಿ ಮುಳುಗುತ್ತದೆ. ಬಾಟ್ಲಿ ಮುಚ್ಚಳ, ಪಾಲಿಪ್ರೊಪಿಲೀನ್ ಹಗ್ಗ, ಥರ್ಮಕೋಲ್ ಎಲ್ಲ ತೇಲುವ ಜಾತಿ, ಅಲೆ ಅವನ್ನು ದಡಕ್ಕೆ ಎಸೆಯುತ್ತದೆ. ದಡ ಗುಡಿಸಿದರೆ ಸಿಗುವುದು ತೇಲುವ ಕಸ ಮಾತ್ರ. ನಮ್ಮ ಕೈಯಿಂದ ಹೋದದ್ದು ದಾರಕ್ಕೆ ಕಟ್ಟಿದ ಸೀಸದ ಗುಂಡಿನ ಭಾರಕ್ಕೆ ಕಲ್ಲಿನ ಸಂದಿಯಲ್ಲೇ ಕೂತಿರುತ್ತದೆ. ನೈಲಾನ್ ದಾರ ಕಡಲಲ್ಲಿ ಕರಗಲು 600 ವರ್ಷ ಬೇಕು ಅಂತ ಒಂದು ಅಂದಾಜು ಉಂಟು. 600 ಯಾಕೆ, 60 ಆದರೂ ಜಾಸ್ತಿಯೇ ಅಲ್ವಾ?

ಅವತ್ತಿಂದ ನಮ್ಮ ಕೆಲಸದ ದಿಕ್ಕು ಬದಲಾಯಿತು. ಹೊಯಿಗೆ ಗುಡಿಸಲು ಶಾಲೆಯವರು, ಕಂಪನಿಯವರು, ಬೇರೆ ಬೇರೆ ತಂಡದವರು ಬರುತ್ತಾರೆ. ಕಲ್ಲಿಗೆ ಇಳಿಯುವವರು ಯಾರೂ ಇಲ್ಲ. ಗಾಳದವರೇ ಇಳಿಯಬೇಕು.

ಅಕ್ಟೋಬರ್, ನವೆಂಬರ್

ಕಲ್ಲಿನ ಕೆಲಸಕ್ಕೆ ನೀರು ಚೆನ್ನಾಗಿ ಇಳಿದಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಜಾಸ್ತಿ. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ, ಒಂದು ಇನ್ನೊಂದಕ್ಕಿಂತ ಆಳ. ಆಳದ್ದು ಹಗಲಿಗೆ ಬೀಳುವ ದಿನ ಹುಡುಕುತ್ತೇವೆ. ಆ ದಿನ ಭಾನುವಾರವೇ ಆಗಬೇಕೆಂದರೆ ಕಾಯುತ್ತಾ ಕೂರಬೇಕಷ್ಟೆ. ಪಾಚಿ ಹಿಡಿದ ಕಲ್ಲಿಗೆ ಹವಾಯಿ ಚಪ್ಪಲಿಯಲ್ಲಿ ಇಳಿಯುವ ಹಾಗಿಲ್ಲ, ಒಬ್ಬರೇ ಇಳಿಯುವ ಹಾಗಿಲ್ಲ. ಈ ಎರಡು ನಿಯಮದಲ್ಲಿ ರಿಯಾಯಿತಿ ಇಲ್ಲ.

ತೆಗೆಯುವ ಕ್ರಮ ಹೀಗೆ. ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ಸರಳನ್ನು ಸಂದಿಗೆ ಇಳಿಸಿ, ತಿರುಗಿಸಿ, ಮೆಲ್ಲಗೆ ಎಳೆಯಬೇಕು. ದಾರ ಒಂದೇ ಇರುವುದಿಲ್ಲ. ಹತ್ತಾರು ಜನ ಬೇರೆ ಬೇರೆ ವರ್ಷ ಕಳಕೊಂಡದ್ದು ಒಂದಕ್ಕೊಂದು ಸುತ್ತಿ ಜಡೆಯಾಗಿರುತ್ತದೆ. ಹಸಿರು, ನೀಲಿ, ಬಣ್ಣ ಹೋಗಿ ಹಾಲಿನಂತೆ ಬೆಳ್ಳಗಾದದ್ದು. ನಡುವೆ ತುಕ್ಕು ಹಿಡಿದ ಗಾಳಗಳು, ಚಿಪ್ಪು ಕಚ್ಚಿಕೊಂಡು ಗುರುತೇ ಸಿಗದ ಸೀಸದ ಗುಂಡುಗಳು, ಬಾಲ ಹರಿದ ರಬ್ಬರ್ ಮೀನು. ಒಂದು ಸಲ ಜಡೆಯೊಳಗೆ ಜೀವ ಇರುವ ಏಡಿ ಇತ್ತು. ಕಾಲಿಗೆಲ್ಲ ದಾರ ಬಿಗಿದಿತ್ತು. ಕತ್ತರಿ ಹಾಕಿ ಬಿಡಿಸುವಷ್ಟರಲ್ಲಿ ಬಿಡಿಸಿದವನ ಬೆರಳನ್ನೇ ಕಚ್ಚಿತು. ಎಳೆದು ಬಾರದ್ದನ್ನು ಜೋರು ಮಾಡಿ ಎಳೆಯುವುದಿಲ್ಲ, ಸಿಕ್ಕಷ್ಟು ಕತ್ತರಿಸಿ ತರುತ್ತೇವೆ. ಗಾಳ ಚಿಮ್ಮಿ ಕಣ್ಣಿಗೆ ಬಿದ್ದರೆ ಯಾರು ಹೊಣೆ?

ನವೆಂಬರ್‌ನಲ್ಲಿ ಪೈಪ್ ನಿಲ್ಲಿಸಿದೆವು. ಇದು ನಮ್ಮ ಐಡಿಯಾ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಗಾಳ ಹಾಕುವ ಕಟ್ಟೆಗಳ ಹತ್ತಿರ ಹಳೆ ದಾರ ಹಾಕಲು ಪಿವಿಸಿ ಪೈಪಿನ ಡಬ್ಬಿ ಇಡುತ್ತಾರೆ. ಅದನ್ನೇ ನೋಡಿ ಆರಿಂಚಿನ ಪೈಪ್ ತಂದು, ಮಳೆ ನೀರು ಬೀಳದ ಹಾಗೆ ಮೇಲೆ ಬೆಂಡ್ ಕೂರಿಸಿ, ಕೆಳಗೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿದೆವು. ಒಳಗೆ ನೀರು ನಿಲ್ಲದಿರಲು ಮುಚ್ಚಳಕ್ಕೆ ತೂತು. ದಂಡೆಯ ಬುಡದಲ್ಲಿ, ಎಲ್ಲರೂ ಎರೆ ಕಟ್ಟಲು ಕೂರುವ ಜಾಗದಲ್ಲೇ ಕಂಬಕ್ಕೆ ಕಟ್ಟಿದ್ದೇವೆ. ಜನ ಹಾಕುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತು. ಹಾಕುತ್ತಿದ್ದಾರೆ. ಗುಟ್ಕಾ ಪ್ಯಾಕೆಟ್ಟನ್ನೂ ಹಾಕುತ್ತಿದ್ದಾರೆ.

ಡಿಸೆಂಬರ್

ಗಾಳದ ಸ್ಪರ್ಧೆ ಇಟ್ಟೆವು. ಪ್ರವೇಶಕ್ಕೆ ದುಡ್ಡು ಬೇಡ, ಕಲ್ಲಿನಿಂದ ತೆಗೆದ ಒಂದು ಹಿಡಿ ತಂಗೂಸಿ ತಂದರೆ ಸಾಕು ಅಂದೆವು. ಒಬ್ಬ ಪುಣ್ಯಾತ್ಮ ತನ್ನ ರೀಲಿನಲ್ಲಿದ್ದ ಹಳೆ ದಾರವನ್ನೇ ಬಿಚ್ಚಿ ತಂದಿದ್ದ. ಒಂದು ಚಿಪ್ಪಿಲ್ಲ, ಉಪ್ಪಿನ ಕಲೆ ಇಲ್ಲ. ಆದರೂ ಸೇರಿಸಿಕೊಂಡೆವು, ಆ ದಾರ ಇವತ್ತಲ್ಲ ನಾಳೆ ಕಲ್ಲಿಗೇ ಹೋಗುವುದಿತ್ತಲ್ಲ. ಅಂಗೈ ಉದ್ದವೂ ಇಲ್ಲದ ಮರಿಗಳನ್ನು ವಾಪಸ್ ಬಿಡಬೇಕು ಅಂತ ನಿಯಮ ಮಾಡಿದ್ದೆವು, ಅದಕ್ಕೆ ಸ್ವಲ್ಪ ಗೊಣಗಾಟ ಆಯಿತು.

ಊರಿನ ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸುವ ಕಾರ್ಯಕ್ರಮವೂ ಇತ್ತು. ಗಂಟು ಗಟ್ಟಿ ಇದ್ದರೆ ದಾರ ಕಡಿಯುವುದು ಕಮ್ಮಿ, ಕಸವೂ ಕಮ್ಮಿ ಅಂತ ನಮ್ಮ ಲೆಕ್ಕ. ಕಲಿಸಲು ಹೋದವರು ಕಲಿತು ಬಂದೆವು. ಬಾಟ್ಲಿಗೆ ಸುತ್ತಿದ ದಾರಕ್ಕೆ ಸಿಗಡಿ ಚೂರು ಸಿಕ್ಕಿಸಿ ಒಬ್ಬ ಹುಡುಗ ಹೊಯಿಗೆ ದಡದಿಂದಲೇ ಕಾಣೆ ಮೇಲೆ ಕಾಣೆ ಎಳೆಯುತ್ತಿದ್ದ. ನಮ್ಮ ದುಬಾರಿ ರಾಡ್‌ಗಳಿಗೆ ಅವತ್ತು ಏನೂ ಕಚ್ಚಲಿಲ್ಲ.

ಜನವರಿಯಿಂದ ಈಚೆಗೆ

2024ರ ಆರಂಭದಲ್ಲಿ ಸಸಿಹಿತ್ಲು ಕಡೆ ಕಡಲಾಮೆಗಳು ಮೊಟ್ಟೆ ಇಟ್ಟದ್ದು ಸಿಕ್ಕಿತ್ತು, ಅರಣ್ಯ ಇಲಾಖೆಯವರು ಕಾವಲು ಹಾಕಿದ್ದರು. ಬೆಂಗ್ರೆಯೂ ಅದೇ ಕರಾವಳಿ. ಹಾಗಾಗಿ ಚಳಿಗಾಲದಲ್ಲಿ ನಾವು ಹೊಯಿಗೆಗೆ ಹಾರೆ, ಕುಂಟೆ ಹಾಕುವುದಿಲ್ಲ, ಕೈಯಲ್ಲಿ ಹೆಕ್ಕುತ್ತೇವೆ. ರಾತ್ರಿ ಗಾಳ ಹಾಕುವವರು ದಡದಲ್ಲಿ ಬೆಂಕಿ ಹಾಕಬಾರದು, ದೊಡ್ಡ ಲೈಟ್ ಬೇಡ. ಇದನ್ನು ಎಲ್ಲರೂ ಗೊಣಗದೆ ಒಪ್ಪಿದರು. ಆಮೆ ಅಂದರೆ ಇಲ್ಲಿ ದೇವರ ಭಯವೂ ಸ್ವಲ್ಪ ಉಂಟು.

ಈಗ ತಲೆಬಿಸಿ ಇರುವುದು ಸಿಕ್ಕಿದ ಮಾಲಿನದ್ದು. ತಂಗೂಸಿಯನ್ನು ಗುಜರಿಯವರು ಕೇಳುವುದೇ ಇಲ್ಲ. ಹೊಯಿಗೆ, ಚಿಪ್ಪು, ಗಾಳ ಎಲ್ಲ ಸೇರಿದ ಜಡೆ ಯಾರಿಗೆ ಬೇಕು? ಸುಡುವ ಮಾತು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೇವೆ. ಸದ್ಯಕ್ಕೆ ಗಾಳ ಬಿಡಿಸಿ, ತೊಳೆದು, ಒಣಗಿಸಿ, ಸದಸ್ಯರೊಬ್ಬರ ಶೆಡ್ಡಿನಲ್ಲಿ ಡ್ರಮ್ಮಿಗೆ ತುಂಬಿಡುತ್ತಿದ್ದೇವೆ. ಸೀಸದ್ದು ಹಾಗಲ್ಲ, ಅದಕ್ಕೆ ಬೆಲೆ ಉಂಟು. ಮನೆಯಲ್ಲೇ ಕರಗಿಸಿ ಹೊಸ ಗುಂಡು ಮಾಡುವ ಅಂತ ಇಬ್ಬರು ಉತ್ಸಾಹದಲ್ಲಿದ್ದರು. ಸೀಸ ಕರಗುವುದು 327 ಡಿಗ್ರಿಯಲ್ಲಿ, ಗ್ಯಾಸ್ ಒಲೆಯಲ್ಲೇ ಆಗುತ್ತದೆ, ಅಪಾಯ ಇರುವುದೂ ಅಲ್ಲೇ. ಆ ಹೊಗೆ, ಆ ಪುಡಿ ಮಕ್ಕಳಿರುವ ಅಡುಗೆಮನೆಗೆ ಬರಕೂಡದು. ಹಾಗಾಗಿ ಕರಗಿಸುವುದಿಲ್ಲ. ಚಿಪ್ಪು ಕೆರೆದು, ಚೆನ್ನಾಗಿರುವ ಗುಂಡುಗಳನ್ನು ಹಾಗೆಯೇ ಹಂಚಿಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ 1987ರಲ್ಲೇ ಸಣ್ಣ ಸೀಸದ ಗುಂಡು ಮಾರುವುದನ್ನು ನಿಲ್ಲಿಸಿದರು, ಹಂಸಗಳು ನುಂಗಿ ಸಾಯುತ್ತಿದ್ದವು ಅಂತ. ಇಲ್ಲಿ ಬದಲಿಗೆ ಹಳೆ ನಟ್ಟು ಬೋಲ್ಟು ಕಟ್ಟಿ ನೋಡುತ್ತಿದ್ದೇವೆ. ದೂರ ಹೋಗುವುದಿಲ್ಲ, ಆದರೆ ಕಲ್ಲಿನ ಹತ್ತಿರದ ಮುರುವಿಗೆ ಸಾಕು.

ಮುಂದಿನ ಕೆಲಸ ಎರಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ರಜೆ, ಕಡಲೂ ಅಬ್ಬರದಲ್ಲಿರುತ್ತದೆ. ಅದಕ್ಕೆ ಮೊದಲು ಪೈಪನ್ನು ಬಿಚ್ಚಿ ಒಳಗೆ ತರಬೇಕು, ಇಲ್ಲದಿದ್ದರೆ ಅದೇ ದೊಡ್ಡ ಕಸವಾಗುತ್ತದೆ. ಇನ್ನೊಂದು, ದಂಡೆಯ ತುದಿಯಲ್ಲಿ ಎರಡನೇ ಪೈಪ್ ಇಡುವುದು. ಅಲ್ಲಿಗೆ ಕಂಬ ಇಲ್ಲ, ಕಲ್ಲಿಗೆ ಕೊರೆಯುವ ಹಾಗಿಲ್ಲ. ವೆಲ್ಡಿಂಗ್ ಗೊತ್ತಿರುವವರು ಯಾರಾದರೂ ಇದ್ದರೆ ಭಾನುವಾರ ಬೆಳಗಿನ ಫೆರಿಗೆ ಬನ್ನಿ, ಒಟ್ಟಿಗೆ ಜಾಗ ನೋಡುವ. ಎರೆ ನಮ್ಮದು.