ರೋಡಲ್ಲಿ ಯಾರಾದ್ರೂ ಬಿದ್ರೆ ಜನ ಯಾಕೆ ಸುಮ್ನೆ ನಿಂತು ನೋಡ್ತಾರೆ?

ನಾನು ಸೈಕಾಲಜಿ ಪಾಠ ಮಾಡೋದು ಅಂತ ಗೊತ್ತಾದ್ರೆ ಸಾಕು, ಮದ್ವೆ ಊಟದ ಪಂಕ್ತೀಲಿ ಪಕ್ಕ ಕೂತೋರೂ ಇದನ್ನೇ ಕೇಳ್ತಾರೆ: "ಅಲ್ಲಾ ಮೇಷ್ಟ್ರೇ, ಆಕ್ಸಿಡೆಂಟ್ ಆಗಿ ಒದ್ದಾಡ್ತಿದ್ರೂ ಜನ ಸುತ್ತ ನಿಂತು ವಿಡಿಯೋ ಮಾಡ್ತಾರಲ್ಲ, ಮನುಷ್ಯತ್ವ ಸತ್ತೇ ಹೋಯ್ತಾ?" ಸತ್ತಿಲ್ಲ ಅಂದ್ರೆ ಯಾರೂ ನಂಬಲ್ಲ, ಅಷ್ಟರಲ್ಲಿ ಪಾಯಸ ಬರತ್ತೆ, ಮಾತು ಅಲ್ಲಿಗೇ ನಿಲ್ಲತ್ತೆ. ಅದಕ್ಕೇ ಇಲ್ಲಿ ಬರೀತಿದೀನಿ.

1964ರಲ್ಲಿ ನ್ಯೂಯಾರ್ಕಲ್ಲಿ ಕಿಟ್ಟಿ ಜಿನೋವೀಸ್ ಅನ್ನೋ ಹುಡುಗೀನ ಅವಳ ಮನೆ ಹತ್ರಾನೇ ಒಬ್ಬ ಚಾಕು ಹಾಕಿ ಕೊಂದ. 38 ಜನ ನೋಡ್ತಾ ಇದ್ರು, ದಾಳಿ ನಡೀತಿದ್ದಾಗ ಒಬ್ರೂ ಪೊಲೀಸ್ರಿಗೆ ಫೋನ್ ಮಾಡ್ಲಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ಬರೀತು. ಆ ವರದೀಲಿ ಉತ್ಪ್ರೇಕ್ಷೆ ಇತ್ತು ಅಂತ ಎಷ್ಟೋ ವರ್ಷ ಆದ್ಮೇಲೆ ಅದೇ ಪತ್ರಿಕೆ ಒಪ್ಕೊಳ್ತು ಬಿಡಿ, ಪಕ್ಕದ ಮನೆ ಹೆಂಗಸೊಬ್ಬಳು ಓಡಿ ಬಂದು ಅವಳನ್ನ ತಬ್ಕೊಂಡು ಕೂತಿದ್ಲು, ಅದು ಮಾತ್ರ ಯಾರಿಗೂ ನೆನಪಿಲ್ಲ.

ಆದ್ರೆ ಆ ಸುದ್ದಿ ಓದಿ ತಲೆ ಕೆಡಿಸ್ಕೊಂಡ ಡಾರ್ಲಿ, ಲಟಾನೆ ಅನ್ನೋ ಇಬ್ರು ಸೈಕಾಲಜಿಸ್ಟ್‌ಗಳು 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ವಿದ್ಯಾರ್ಥಿಗಳನ್ನ ಬೇರೆ ಬೇರೆ ರೂಮಲ್ಲಿ ಕೂರ್ಸಿ ಮೈಕಲ್ಲಿ ಮಾತಾಡ್ಸೋದು, ಮಧ್ಯೆ ಒಬ್ಬನಿಗೆ ಫಿಟ್ಸ್ ಬಂದಂಗೆ ದನಿ ಕೇಳ್ಸೋದು (ರೆಕಾರ್ಡಿಂಗ್ ಅಷ್ಟೇ). ಕೇಳ್ತಿರೋದು ನಾನೊಬ್ನೇ ಅಂದ್ಕೊಂಡವ್ರಲ್ಲಿ ಶೇ 85ರಷ್ಟು ಜನ ಆ ದನಿ ನಿಲ್ಲೋಕೆ ಮುಂಚೆನೇ ಎದ್ದು ಓಡಿದ್ರು. ಇನ್ನೂ ನಾಲ್ಕು ಜನ ಕೇಳ್ತಿದಾರೆ ಅಂದ್ಕೊಂಡವ್ರಲ್ಲಿ ಎದ್ದಿದ್ದು ಬರೀ ಶೇ 31. ಹಾಗಂತ ಏಳದೇ ಇದ್ದೋರು ಕಲ್ಲೆದೆಯವ್ರಾ? ಅಲ್ಲ, ಅವ್ರ ಕೈ ನಡುಗ್ತಿತ್ತು, ಅಂಗೈ ಬೆವರಿತ್ತು, "ಅವ್ನು ಹುಷಾರಾಗಿದಾನಾ?" ಅಂತ ಕೇಳ್ತಿದ್ರು.

ಇದನ್ನ ನಾನು ವರ್ಷಾ ವರ್ಷಾ ಬೋರ್ಡ್ ಮೇಲೆ ಬರ್ದು ಪಾಠ ಮಾಡ್ತೀನಿ. ಆದ್ರೂ ಹೋದ್ವರ್ಷ ನಮ್ಮ ಬಸ್‌ಸ್ಟಾಪ್ ಎದುರು ಸ್ಕೂಟರಿಂದ ಒಬ್ರು ವಯಸ್ಸಾದೋರು ಬಿದ್ದು, ಊಟದ ಡಬ್ಬಿ ಬಾಯಿ ತೆರ್ಕೊಂಡು ಚಿತ್ರಾನ್ನ ಎಲ್ಲಾ ರೋಡಿಗೆ ಚೆಲ್ಲಿ, ಹಣೆಯಿಂದ ರಕ್ತ ಸುರೀತಿದ್ರೆ ನಾನು ಮಾಡಿದ್ದೇನು? ನಿಂತ್ಕೊಂಡೆ. ಇಪ್ಪತ್ತು ಜನ ಇದ್ವಿ. ನಾನು ಅವ್ರ ಮುಖ ನೋಡ್ದೆ, ಅವ್ರು ನನ್ನ ಮುಖ ನೋಡಿದ್ರು, ಯಾರೂ ಗಾಬರಿ ಆದಂಗೆ ಕಾಣ್ಲಿಲ್ಲ, ಹಾಗಾದ್ರೆ ಅಂಥದ್ದೇನಿಲ್ವೇನೋ ಅನ್ನಿಸ್ತು. ಅವ್ರಿಗೂ ನನ್ನ ನೋಡಿ ಹಾಗೇ ಅನ್ನಿಸಿರತ್ತೆ, ನಂದು ಬೇರೆ ಮೇಷ್ಟ್ರ ಮುಖ.

ಅಷ್ಟರಲ್ಲಿ ಹೂವು ಮಾರೋ ಅಮ್ಮ ಬುಟ್ಟಿ ಬಿಟ್ಟು ಬಂದು, ಸೆರಗಿಂದ ಅವ್ರ ಹಣೆ ಒತ್ತಿ ಹಿಡ್ಕೊಂಡು, ತಲೆ ಎತ್ತಿ "ಏ ನೀಲಿ ಶರ್ಟು, ಏನ್ ನೋಡ್ತೀಯ, ಆಟೋ ನಿಲ್ಸು!" ಅಂದ್ರು. ನೀಲಿ ಶರ್ಟು ನಾನೇ. ಆಮೇಲೆ ನನ್ನ ಕಾಲು ತಾನಾಗೇ ಓಡ್ತು. ಒಬ್ಬ ಹುಡುಗ ಗಾಡಿ ಎತ್ತಿ ಪಕ್ಕಕ್ಕೆ ನಿಲ್ಲಿಸ್ದ, ಇನ್ನೊಬ್ಬ ನೀರು ತಂದ, ವಿಡಿಯೋ ಮಾಡ್ತಿದ್ದೋನೇ ಅವ್ರ ಫೋನ್ ಇಸ್ಕೊಂಡು ಮನೆಯವ್ರಿಗೆ ಕಾಲ್ ಮಾಡ್ದ. ಜನ ಅವ್ರೇ, ಎರಡು ನಿಮಿಷದ ಹಿಂದೆ ನಿಂತಿದ್ದೋರೇ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ, ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ಬೀದಿಗಳ 219 ಜಗಳಗಳ ಸಿಸಿಟಿವಿ ದೃಶ್ಯ ನೋಡಿದ 2019ರ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಕಡೆ ಯಾರಾದ್ರೂ ಒಬ್ರು ಮಧ್ಯೆ ಬಂದಿದ್ರು.

ನಮ್ಮಲ್ಲಿ ಇನ್ನೊಂದು ಭಯ ಇದೆ, ಸ್ಟೇಷನ್ನು ಕೋರ್ಟು ಅಂತ ಅಲೀಬೇಕಾಗತ್ತೆ ಅಂತ. ಅದು ಸುಳ್ಳು ಭಯ ಅನ್ನಲ್ಲ, ಹಿಂದೆ ಅಲೆದೋರು ಇದಾರೆ. ಆದ್ರೆ ಸಹಾಯ ಮಾಡಿದವ್ರನ್ನ ಕಾಪಾಡೋ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿಗೆ ಕೊಟ್ಟಿದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೇಲಿ ಅದಕ್ಕೇ ಅಂತ 134ಎ ಕಲಂ ಬಂದಿದೆ, ಕರ್ನಾಟಕದ್ದೇ ಬೇರೆ ಕಾನೂನೂ ಇದೆ. ಹೆಸ್ರು ವಿಳಾಸ ಕೊಡ್ಲೇಬೇಕು ಅಂತ ಒತ್ತಾಯ ಮಾಡೋಹಾಗಿಲ್ಲ.

ಇದೆಲ್ಲ ಬಾಯಿಪಾಠ ಇದ್ರೂ, ಆಸ್ಪತ್ರೆ ಕೌಂಟರಲ್ಲಿ "ಪೇಷಂಟ್ ನಿಮಗೇನಾಗ್ಬೇಕು?" ಅಂತ ಕೇಳ್ದಾಗ ನಾನು ಕಲಂ ನೆನಪು ಮಾಡ್ಕೊಳ್ತಾ ತಡವರಿಸ್ತಿದ್ದೆ. ಹೂವಿನಮ್ಮ ನನ್ನ ಪಕ್ಕಕ್ಕೆ ಸರ್ಸಿ, "ನಮ್ಮಣ್ಣ ಆಗ್ಬೇಕು, ಮೊದ್ಲು ಒಳಗೆ ಕರ್ಕೊಳಪ್ಪ" ಅಂದ್ರು. ಅವ್ರ ಹೆಸ್ರೇನು ಅಂತ ಆಯಮ್ಮಂಗೂ ಗೊತ್ತಿರ್ಲಿಲ್ಲ.