ಆ ಬಾವಿ ಯಾರದು?

ಕಳೆದ ಶ್ರಾವಣದ ಒಂದು ರವಿವಾರ ನಮ್ಮ ಓದಿನ ಬಳಗದಲ್ಲಿ ನಾನು ಒಂದು ಪದ್ಯ ಓದಿದೆ. ವಿಜಯಪುರದ ಹಳೆಯ ಪೇಟೆಯಲ್ಲಿ, ಒಂದು ಅರಿವೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ತಿಂಗಳಿಗೆ ಎರಡು ಸಲ ಸೇರುವ ಈ ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವೂ ಇಲ್ಲ. ಸಾಮಾನ್ಯವಾಗಿ ಎಂಟು ಮಂದಿ ಬರುತ್ತೇವೆ; ಮದುವೆಯ ಸೀಜನ್ನಿನಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ. ನನ್ನ ಪದ್ಯ ಬರಗಾಲದ್ದು. ನಮ್ಮ ಜಿಲ್ಲೆಯವನು ಪದ್ಯ ಬರೆಯಲು ಕೂತರೆ ಮೊದಲು ಒದಗುವುದು ಬರಗಾಲವೇ, ಅದಕ್ಕೆ ಹೆಚ್ಚಿನ ಪ್ರತಿಭೆ ಬೇಕಾಗುವುದಿಲ್ಲ. ಅದರ ನಡುವಿನ ನಾಲ್ಕು ಸಾಲುಗಳು ಹೀಗಿದ್ದವು:

ಬತ್ತಿದ ಬಾವಿಯ ತಳದಲ್ಲಿ ಬಿದ್ದಿದೆ ಕೊಡ,
ಕೊಡದೊಳಗೆ ಕೂತಿದೆ ಹೋದ ವರುಷದ ಮಳೆ;
ಬಗ್ಗಿ ಕೂಗಿದರೆ ಓಗೊಡುವುದು
ನನ್ನದೇ ದನಿ, ನನ್ನದೇ ಬಾಯಾರಿಕೆ.

ಓದಿ ಮುಗಿಸಿದಾಗ ಐದು ಮಂದಿ ಒಬ್ಬರ ಹಿಂದೊಬ್ಬರು "ಭಾಳ ಛಲೋ ಐತ್ರಿ" ಎಂದರು. ನಾನು ಹಿಗ್ಗಿದೆ. ಆಗ ಕಿಟಕಿಯ ಬಳಿ ಕೂತಿದ್ದ, ನಿವೃತ್ತರಾಗಿ ಇಪ್ಪತ್ತು ವರ್ಷವಾದ ಕನ್ನಡ ಶಾಲೆಯ ಮಾಸ್ತರರು ಕೇಳಿದರು: "ತಮ್ಮಾ, ಈ ಬಾವಿ ಯಾರದು?"

"ಯಾರದೂ ಅಲ್ರಿ ಗುರುಗಳ. ಹಂಗ ಒಂದು ಬಾವಿ."

"ಹಂಗ ಒಂದು ಬಾವಿ ಎಲ್ಲಿರತೈತೋ? ಬಾವಿ ತೋಡಬೇಕಂದ್ರ ಯಾರರೆ ಸಾಲಾ ಮಾಡಿರಬೇಕಲ್ಲಾ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಐದು ಮಂದಿ ಹೊಗಳಿದವರಲ್ಲಿ ಯಾರು ಯಾವ ಮಾತು ಆಡಿದರೆಂಬುದು ಮರುದಿನ ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ನನಗೆ ನೆನಪಿರಲಿಲ್ಲ. ಹೊಗಳಿಕೆಯನ್ನು ನಾನು ಹಳಿಯುತ್ತಿಲ್ಲ, ಅದಿಲ್ಲದೆ ಯಾರೂ ಎರಡನೆಯ ಪದ್ಯ ಬರೆಯಲಾರರು. ಆದರೆ ಅದು ಪದ್ಯದ ಹೊರಗೆ ನಿಂತು ಕೈ ಮುಗಿದು ಹೋಗುತ್ತದೆ. ಮಾಸ್ತರರ ಪ್ರಶ್ನೆ ಪದ್ಯದ ಒಳಗೆ ಕಾಲಿಟ್ಟು, ಬಾವಿಯ ಕಟ್ಟೆಯ ಮೇಲೆ ಕೂತು, ಇದನ್ನು ತೋಡಿಸಿದವನೆಲ್ಲಿ ಎಂದು ಹುಡುಕಿತ್ತು. ಪದ್ಯಕ್ಕೆ ಪ್ರತಿಕ್ರಿಯೆ ಎಂದು ನಾನು ಈಗ ಕರೆಯುವುದು ಇಂಥದ್ದನ್ನು ಮಾತ್ರ.

ಇದಕ್ಕೆ ತೀರ ವಿರುದ್ಧವಾದುದನ್ನು ಕಾಣಬೇಕೆಂದರೆ ನಮ್ಮ ಕವಿಗೋಷ್ಠಿಗಳಿಗೆ ಹೋಗಬೇಕು. ಊರು ಬೇಡ, ಸಂಸ್ಥೆಯ ಹೆಸರೂ ಬೇಡ. ನಾನು ಓದಿದ ಒಂದು ಗೋಷ್ಠಿಯಲ್ಲಿ ನಲವತ್ತಕ್ಕೂ ಹೆಚ್ಚು ಕವಿಗಳಿದ್ದರು, ತಲಾ ಮೂರು ನಿಮಿಷ. ಮೊದಲು ಓದಿದವರು ಶಾಲು ಹೊದ್ದುಕೊಂಡು, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡು, ಚಹಾದ ಕಡೆಗೆ ಹೋದವರು ಮರಳಿ ಬರಲಿಲ್ಲ. ಕೊನೆಗೆ ಅಧ್ಯಕ್ಷರು ಪ್ರತಿಯೊಂದು ಕವಿತೆಯ ಬಗ್ಗೆ ಗುರುತು ಹಾಕಿಕೊಂಡಿದ್ದ ಚೀಟಿಯನ್ನು ತೆಗೆದು ಶ್ರದ್ಧೆಯಿಂದ ಮಾತನಾಡಿದಾಗ, ಅವರ ಮುಂದೆ ಇದ್ದವರು ಕೊನೆಯ ಆರು ಕವಿಗಳು ಮತ್ತು ಪೆಂಡಾಲು ಬಿಚ್ಚಲು ಕಾಯುತ್ತಿದ್ದ ಹುಡುಗರು. ನಾನು ಉಳಿದದ್ದು ನನ್ನ ಸರದಿ ಮೂವತ್ತೊಂಬತ್ತನೆಯದಾಗಿತ್ತು ಎಂಬ ಕಾರಣಕ್ಕೆ. ಮೊದಲನೆಯದಾಗಿದ್ದರೆ ನಾನೂ ಚಹಾದ ಕಡೆಗೇ ಹೋಗಿರುತ್ತಿದ್ದೆ.

ನಮ್ಮ ಮಾಳಿಗೆಯಲ್ಲಿ ಒಂದು ರೂಢಿಯಿದೆ. ಪದ್ಯವನ್ನು ಬರೆದವರು ಒಮ್ಮೆ ಓದಿದ ಮೇಲೆ, ಯಾರೂ ಮಾತಾಡದೆ, ಇನ್ನೊಬ್ಬರು ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಬೇಕು. ಬರೆದವರಿಗೆ ತಮ್ಮ ಪದ್ಯ ಬೇರೆಯವರ ಬಾಯಲ್ಲಿ ಎಲ್ಲಿ ಎಡವುತ್ತದೆ, ಎಲ್ಲಿ ಉಸಿರು ಸಾಲುವುದಿಲ್ಲ ಎಂಬುದು ಆಗಲೇ ತಿಳಿಯುವುದು. ಬಳಗದ ನರ್ಸ್ ಅಕ್ಕನವರೊಬ್ಬರು ಒಂದು ಸಲ ಒಣದ್ರಾಕ್ಷಿಯ ಪದ್ಯ ತಂದಿದ್ದರು. ಹಸಿರು ಗೊಂಚಲು ಬಿಸಿಲಿನಲ್ಲಿ ಹದಿನೈದೇ ದಿನಕ್ಕೆ ಅಜ್ಜಿಯಾಗುತ್ತದೆ ಎಂಬುದು ಅದರ ಮುಖ್ಯ ಚಿತ್ರ. ಎರಡನೆಯ ಸಲ ಓದಿದವರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಅವರು ಆ ಸಾಲಿಗೆ ಬಂದು ನಿಂತರು. "ಅಕ್ಕಾರ, ನಮ್ಮ ಶೆಡ್ಡಿನ್ಯಾಗ ಹಣ್ಣು ಬಿಸಲಿಗೆ ಹಾಕೂದಿಲ್ರಿ, ಬಣ್ಣ ಕೆಡತೈತಿ. ದ್ರಾವಣದಾಗ ಅದ್ದಿ, ಜಾಳಿಗಿ ಮ್ಯಾಲ ಹರವಿ, ನೆರಳಾಗ ಗಾಳಿಗೆ ಒಣಗಸತೀವಿ" ಎಂದರು. ಅಕ್ಕ ಅಲ್ಲಿಯೇ ಪೆನ್ನು ತೆಗೆದು 'ಬಿಸಿಲಿನಲ್ಲಿ' ಎಂಬುದನ್ನು ಹೊಡೆದು 'ನೆರಳಿನಲ್ಲಿ' ಎಂದು ಬರೆದರು. ಬದಲಾದದ್ದು ಒಂದು ಪದ. ಆದರೆ ಬಿಸಿಲಿನಲ್ಲಿ ಮುದುಕಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ನೆರಳಿನಲ್ಲಿ, ಯಾರೂ ಸುಡದೆ, ಬಣ್ಣ ಕೆಡದಂತೆ ಕಾಪಾಡುತ್ತ ಮುದುಕಿಯನ್ನಾಗಿ ಮಾಡುವುದು ಬೇರೆಯೇ ಸಂಗತಿ. ಆ ಪದ್ಯ ಮನೆಯೊಳಗಿನ ಹೆಣ್ಣುಮಕ್ಕಳ ಪದ್ಯವಾಗಿ ಹೊರಳಿದ್ದನ್ನು ನಾವೆಲ್ಲ ಕಣ್ಣೆದುರಿಗೆ ಕಂಡೆವು. ಬೆಳೆಗಾರರು ಛಂದಸ್ಸು ಓದಿದವರಲ್ಲ.

ಈ ಕೇಳುವಿಕೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ತ್ರಿಪದಿಯನ್ನೇ ನೋಡಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು ಕ್ರಿ.ಶ. 700ರ ಹೊತ್ತಿಗೇ ಕೊರೆಯಲಾದ ಈ ಮೂರು ಸಾಲಿನ ಮಟ್ಟು, ನನ್ನ ಅಜ್ಜಿಯ ಕಾಲದವರೆಗೂ ಬೀಸುವ ಕಲ್ಲಿನ ಎರಡು ಬದಿಯಲ್ಲಿ ಎದುರುಬದುರು ಕೂತ ಹೆಂಗಸರ ಬಾಯಲ್ಲಿತ್ತು. ಹಾಡುವಾಗ ಎರಡನೆಯ ಸಾಲಿನ ಮೊದಲ ಭಾಗವನ್ನು ಹೇಳಿ, ಮತ್ತೆ ಅದನ್ನೇ ಹಿಡಿದು ಸಾಲನ್ನು ಪೂರ್ತಿ ಮಾಡುತ್ತಾರೆ. ಈ ಮರುಹಿಡಿತದಲ್ಲಿ ಎದುರಿಗೆ ಕೂತವಳಿಗೆ ಒಂದು ಸುತ್ತು ಕಲ್ಲು ತಿರುಗುವಷ್ಟು ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಅವಳು ತನ್ನ ಮೂರು ಸಾಲನ್ನು ಹೊಂದಿಸಿಕೊಳ್ಳುತ್ತಾಳೆ ಎಂಬುದು ನನ್ನ ಊಹೆ. ಒಬ್ಬಳು ತವರನ್ನು ನೆನೆದರೆ ಇನ್ನೊಬ್ಬಳು ತನ್ನ ಅಣ್ಣನನ್ನು ಹಾಡುತ್ತಾಳೆ. "ನಿನ್ನ ಹಾಡು ಚಂದ ಇತ್ತು" ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾದ್ದು ಮುಂದಿನ ಹಾಡಿನಲ್ಲಿ ಬಂದಿರುತ್ತದೆ.

ಇಂಥ ಹಾಡುಗಳನ್ನು ನಮ್ಮ ಜಿಲ್ಲೆಯದೇ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು, ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಸ್ವತಃ ಕವಿಯಾಗಿದ್ದ ಮಧುರಚೆನ್ನರು ಹೆಸರಿಲ್ಲದ ಹೆಂಗಸರ ಪದ್ಯಗಳನ್ನು ಕಿವಿಗೊಟ್ಟು ಬರೆದುಕೊಂಡರೆಂಬುದು ನನಗೆ ಅವರ ಯಾವ ಕವಿತೆಗಿಂತಲೂ ಕಡಿಮೆಯ ಸಂಗತಿಯಾಗಿ ಕಾಣುವುದಿಲ್ಲ. ಅದೇ ಹಲಸಂಗಿಯಲ್ಲಿ ಖಾಜಾಭಾಯಿಯಂಥ ಲಾವಣಿಕಾರರೂ ಇದ್ದರು. ಲಾವಣಿ, ಗೀಗೀ ಪದಗಳ ಲೋಕದಲ್ಲಂತೂ ಉತ್ತರ ಕೊಡದವನು ಸೋತಂತೆಯೇ. ಜಾತ್ರೆಯಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು, ಎದುರಿನವರ ಮಾತನ್ನೇ ಹಿಡಿದು, ದಪ್ಪು ತುಂತುಣಿಗಳ ಮೇಲೆ ತಿರುಗಿಸಿ ಹಾಡಬೇಕು. ಎದುರಿನವರ ಪದವನ್ನು ಅಕ್ಷರ ಬಿಡದೆ ಕೇಳದಿದ್ದರೆ ಉತ್ತರ ಹುಟ್ಟುವುದೇ ಇಲ್ಲ. ವಚನಗಳ ವಿಷಯದಲ್ಲಿ ಶೂನ್ಯಸಂಪಾದನೆಯ ಸಂಪಾದಕರು ಮಾಡಿದ್ದೂ ಇಂಥದ್ದೇ: ಬಿಡಿಬಿಡಿಯಾಗಿದ್ದ ವಚನಗಳನ್ನು ಒಂದರ ಎದುರು ಒಂದಿಟ್ಟು, ಅಲ್ಲಮ ಕೇಳಿದ್ದಕ್ಕೆ ಅಕ್ಕಮಹಾದೇವಿ ಉತ್ತರಿಸಿದಂತೆ ಹೆಣೆದರು. ಒಂದು ವಚನದ ಅರ್ಥವನ್ನು ಇನ್ನೊಂದು ವಚನವೇ ಬಿಡಿಸಲಿ ಎಂಬ ಆ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ. (ಇಲ್ಲಿ ಗೋಳಗುಮ್ಮಟದ ಪ್ರತಿಧ್ವನಿಯನ್ನು ತರಬೇಕಾಗಿತ್ತು. ನಮ್ಮೂರಿನ ಪ್ರತಿಯೊಂದು ಭಾಷಣದಲ್ಲಿಯೂ ಅದು ಬರುವುದರಿಂದ ಬಿಟ್ಟಿದ್ದೇನೆ. ಅಲ್ಲದೆ ಗುಮ್ಮಟ ನಾವು ಕೂಗಿದ್ದನ್ನೇ ಮರಳಿ ಕೂಗುತ್ತದೆ, ಎದುರು ಪ್ರಶ್ನೆ ಕೇಳುವುದಿಲ್ಲ.)

ಇಷ್ಟೆಲ್ಲ ಹೇಳುವ ನಾನು ಒಮ್ಮೆ ಕೆಟ್ಟ ಕೇಳುಗನಾಗಿದ್ದೆನೆಂಬುದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ನಮ್ಮಲ್ಲಿಗೆ ಬರತೊಡಗಿದ್ದ. ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ತಂದೆಯ ಬೆನ್ನಿನ ಮೇಲೆ ಅವನು ಬರೆದ ಪದ್ಯವನ್ನು ಓದಿದಾಗ, ನಾನು ಪ್ರಾಸಕ್ಕಾಗಿ ಪದ ತುರುಕಿದ ಮೂರು ಜಾಗಗಳನ್ನೂ, ಕಾಗುಣಿತದ ಎರಡು ತಪ್ಪುಗಳನ್ನೂ, ಲೆಡ್ಜರಿನಲ್ಲಿ ವ್ಯತ್ಯಾಸ ಹಿಡಿದವನ ಉತ್ಸಾಹದಿಂದ ಎತ್ತಿ ತೋರಿಸಿದೆ. ಅವನು ಬರುವುದನ್ನು ಬಿಟ್ಟ. ನಾಲ್ಕು ತಿಂಗಳ ಮೇಲೆ ಸ್ಕೂಟರಿನ ಕ್ಲಚ್ಚಿನ ನೆಪದಲ್ಲಿ ಅವನ ಗ್ಯಾರೇಜಿಗೆ ಹೋದಾಗ ಅವನು, ಕೈಯನ್ನು ಅರಿವೆಗೆ ಒರೆಸಿಕೊಳ್ಳುತ್ತ, ಸಿಟ್ಟಿಲ್ಲದೆ ಹೇಳಿದ: "ನೀವು ಅಂದದ್ದು ಖರೇನ ಐತ್ರಿ ಸರ. ಆದ್ರ ನಮ್ಮಪ್ಪನ ಬೆನ್ನಿನ ಸುದ್ದಿ ನೀವು ಒಂದ ಮಾತೂ ಕೇಳಲಿಲ್ಲ." ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಕೇಳಿದೆ, ಆ ಬೆನ್ನು ಈಗ ಹೇಗಿದೆ ಎಂದು. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನ ಮುಂದಿನ ಪದ್ಯದಲ್ಲಿದೆ. ಈಗ ಅವನು ತಿಂಗಳಿಗೆ ಒಮ್ಮೆಯಾದರೂ ಬರುತ್ತಾನೆ. ಪ್ರಾಸ ಇನ್ನೂ ತುರುಕುತ್ತಾನೆ.

ಬಾವಿಯ ಸಂಗತಿಗೆ ಮರಳುತ್ತೇನೆ. ಮಾಸ್ತರರ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ನನ್ನ ತಾಯಿಯ ತಂದೆ ತೋಡಿಸಿದ ಬಾವಿ ನೆನಪಾಯಿತು. ಅದಕ್ಕಾಗಿ ಅವರು ಬಡ್ಡಿಗೆ ಹಣ ತಂದಿದ್ದರು, ಸಾಲ ತೀರುವ ಮೊದಲೇ ನೀರು ಸವಳಾಯಿತು, ಆಮೇಲೆ ಅದೂ ಬತ್ತಿತು. ಪದ್ಯದಲ್ಲಿದ್ದ 'ನನ್ನದೇ ದನಿ, ನನ್ನದೇ ಬಾಯಾರಿಕೆ' ಎಂಬ ಸಾಲು, ನಾನು ಬಹಳ ಮೆಚ್ಚಿಕೊಂಡಿದ್ದ ಸಾಲು, ಆಗ ಸುಳ್ಳೆನಿಸಿತು. ನಾನು ಎಂದೂ ಬಾಯಾರಿದವನಲ್ಲ. ಮನೆಗೆ ನಳದ ನೀರು ಬರುತ್ತದೆ. ಬಾಯಾರಿಕೆ ಅಜ್ಜನದು. ಆ ಸಾಲನ್ನು ಹೊಡೆದುಹಾಕಿ, ಅಜ್ಜನನ್ನೂ ಬಡ್ಡಿಯನ್ನೂ ತಂದು, ಮುಂದಿನ ಬೈಠಕ್ಕಿಗೆ ಒಯ್ದೆ. ಮಾಸ್ತರರು ಕೇಳಿ "ಹಾಂ, ಈಗ ಬಾವಿ ಆತು" ಎಂದಷ್ಟೇ ಹೇಳಿದರು.

ಅಂದು ಬಾಗಲಕೋಟೆಯಿಂದ ಮಗಳ ಮನೆಗೆಂದು ಬಂದಿದ್ದ ಒಬ್ಬ ತಾಯಿ, ನರ್ಸ್ ಅಕ್ಕನ ಜೊತೆ ಬಂದು ಹಿಂದೆ ಕೂತಿದ್ದರು. ಅವರ ಹಳೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ, ಈಗ ಇರುವುದು ನವನಗರದಲ್ಲಿ. ಅವರು ಪದ್ಯ ಬರೆಯುವವರಲ್ಲ, ಆದರೆ ಬೀಸುವ ಹಾಡು ಬಲ್ಲವರು. ಚಹಾ ಬರುವ ಹೊತ್ತಿಗೆ ಅವರು, ಯಾರನ್ನೂ ನೋಡದೆ, ನೆಲ ನೋಡುತ್ತ ಹಾಡಿದರು:

ನಿಮ ಬಾವಿ ಬತ್ತೇತಿ ನಮ ಬಾವಿ ಮುಳಗೇತಿ
ಸೇದೂವ ಹಗ್ಗ ಕೈಯಾಗ ಹಿಡಕೊಂಡು
ಯಾವೂರ ನೀರ ಕೇಳಲಿ

ಪ್ರಾಸವಿಲ್ಲ, ಆದರೆ ತ್ರಿಪದಿಯ ಆರನೆಯ ಮತ್ತು ಹತ್ತನೆಯ ಗಣ, ಅಂದರೆ ಸಾಲಿನ ತುಣುಕು, ಚಿಕ್ಕದಾಗಿರಬೇಕೆಂಬ ನಿಯಮ 'ಹಗ್ಗ' ಮತ್ತು 'ನೀರ' ಎಂಬ ಪದಗಳಲ್ಲಿ ತಾನಾಗಿಯೇ ಬಂದು ಕೂತಿತ್ತು. ಇದನ್ನು ನಾನು ಗುರುತಿಸಿದ್ದು ಮನೆಗೆ ಬಂದ ಮೇಲೆ. ಅಲ್ಲಿ ಹೊಳೆದದ್ದು ಇಷ್ಟೇ: ನೀರಿಲ್ಲದೆ ಹಾಳಾದ ಬಾವಿಯ ಎದುರಿಗೆ ಈ ತಾಯಿ, ನನ್ನ ಪದ್ಯವನ್ನು ಹೊಗಳದೆ, ತಿದ್ದದೆ, ನೀರು ಹೆಚ್ಚಾಗಿ ಹಾಳಾದ ತಮ್ಮ ಬಾವಿಯನ್ನು ತಂದು ಇಟ್ಟಿದ್ದರು. ಅಷ್ಟು ಹೊತ್ತು ಅಜ್ಜನ ಬಾವಿಯೊಂದೇ ನನ್ನ ಕಣ್ಣ ಮುಂದಿತ್ತು.

ಯಾರೂ "ಛಲೋ ಐತ್ರಿ" ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಚಹಾದ ಕಪ್ಪನ್ನು ಕೆಳಗಿಟ್ಟು ಕೇಳಿದರು: "ಅವ್ವಾ, ಆ ಹಗ್ಗ ಎಷ್ಟ ಮಾರು ಇತ್ತು?"

ಆ ತಾಯಿ ಸೆರಗು ಸರಿ ಮಾಡಿಕೊಂಡು ಎದ್ದು ನಿಂತರು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಕಣ್ಣು ಮುಚ್ಚಿ, ಇಲ್ಲದ ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಳೆದುಕೊಳ್ಳುತ್ತ, ಬಾಯೊಳಗೇ ಎಣಿಸತೊಡಗಿದರು.