ಕೆಂಪು ನಲ್ಲಿ, ನೀಲಿ ನಲ್ಲಿ

ಇವತ್ತು ಭಾನುವಾರ. ಮಸ್ಕತ್‌ನಲ್ಲಿ ನಮಗೆ ವಾರ ಶುರುವಾಗುವುದೇ ಭಾನುವಾರ, ರಜೆ ಶುಕ್ರವಾರ, ಶನಿವಾರ. ಊರಿನವರ ಗ್ರೂಪಿನಲ್ಲಿ ದೋಸೆ ಫೋಟೋ ಬರುವಾಗ ನಾನು ಮೂರನೇ ಕ್ಲಾಸಿನ ವರ್ಕ್‌ಶೀಟ್ ತಿದ್ದುತ್ತಾ ಕೂತಿದ್ದೆ.

ಪ್ರಶ್ನೆ ಸುಲಭದ್ದು. ಕೆಂಪು ಗುರುತಿನ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ? ಒಬ್ಬ ಹುಡುಗ 'ತಣ್ಣೀರು' ಅಂತ ಬರೆದಿದ್ದ. ನೀಲಿಯದ್ದಕ್ಕೆ 'ಬಿಸಿನೀರು'. ಎರಡಕ್ಕೂ ತಪ್ಪು ಹಾಕಿ ಕೊಟ್ಟೆ. 'ಗಮನವಿಟ್ಟು ಓದು' ಅಂತ ಬುದ್ಧಿಮಾತು ಬೇರೆ.

ಮನೆಗೆ ಬಂದು ಕೈ ತೊಳೆಯಲು ನೀಲಿ ನಲ್ಲಿ ತಿರುಗಿಸಿದೆ. ಸುಟ್ಟಿತು!

ಜೂನ್ ಅಲ್ವಾ. ಹೊರಗೆ 44 ಡಿಗ್ರಿ. ಟೆರೇಸಿನ ಟ್ಯಾಂಕು ದಿನವಿಡೀ ಕಾದಿರುತ್ತದೆ, ಆ ನೀರೇ ನೇರ ನೀಲಿ ನಲ್ಲಿಗೆ. ಗೀಸರ್ ಇರುವುದು ಮನೆಯೊಳಗೆ, ಏಸಿಯ ತಂಪಿನಲ್ಲಿ. ಏಪ್ರಿಲ್‌ನಿಂದ ಅದರ ಸ್ವಿಚ್ಚೇ ಹಾಕಿಲ್ಲ. ಒಳಗೆ ನಿಂತ ನೀರು ಆರಿ ತಣ್ಣಗಾಗಿ ಕೆಂಪು ನಲ್ಲಿಯಲ್ಲಿ ಬರುತ್ತದೆ. ಒಂದೆರಡು ಬಕೆಟ್ ಅಷ್ಟೇ, ಆಮೇಲೆ ಅದೂ ಬಿಸಿ. ಆರು ವರ್ಷದಿಂದ ನಾನೂ ಹೀಗೇ ಸ್ನಾನ ಮಾಡುತ್ತಿದ್ದೇನೆ. ಕೆಂಪು ಪೆನ್ನು ಕೈಗೆ ಬಂದರೆ ಮಾತ್ರ ಎಲ್ಲ ಮರೆತೇ ಹೋಗುತ್ತದೆ ನೋಡಿ.

ಸಂಜೆ ಅಮ್ಮನ ಫೋನು. ಅಲ್ಲಿ ಒಂದೂವರೆ ಗಂಟೆ ಮುಂದೆ, ಆಗಲೇ ಕತ್ತಲು. "ಮಳೆ ಹಿಡಿದಿದೆ, ಹಂಡೆಗೆ ಬೆಂಕಿ ಹಾಕಿದೀನಿ ಕಣೇ" ಅಂದಳು. ನಾನಿಲ್ಲಿ ತಣ್ಣೀರನ್ನು ಲೆಕ್ಕ ಹಾಕಿ ಬಳಸುತ್ತಿದ್ದೇನೆ ಅಂದೆ. ಸುಮ್ನೆ ನಕ್ಕಳು.

ನಾಳೆ ಆ ವರ್ಕ್‌ಶೀಟ್ ವಾಪಸ್ ಕೇಳಬೇಕು. ಎರಡು ಮಾರ್ಕು ಬಾಕಿ ಇದೆ ಅವನಿಗೆ.